ಸರ್ ಎಂದು ಕರೆಸಿಕೊಂಡ ಎರಡು ತಿಂಗಳು

ನಿನ್ನೆ ಸಂಜೆ ನವನಗರದ ಬಸ್ ಸ್ಟಾಪಿನ ಹತ್ತಿರ ಚುರಮುರಿ ಕೊಂಡೆ. ತಿಂದು ಮುಗಿಸಿ ನೋಡಿದರೆ ಕೈಯಲ್ಲಿ ಉಳಿದದ್ದು ಯಾರದೋ ಇಂಗ್ಲಿಷ್ ನೋಟ್‌ಬುಕ್ಕಿನ ಹಾಳೆ. ಎಣ್ಣೆ ಕುಡಿದ ಅಕ್ಷರಗಳ ಪಕ್ಕ ಕೆಂಪು ಶಾಯಿಯ ಗುರುತು. ಪ್ಯಾಸಿವ್ ವಾಯ್ಸ್. ಅದನ್ನು ಎಸೆಯಲು ಮನಸ್ಸಾಗದೆ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ನಾನು ಮೇಷ್ಟ್ರಲ್ಲ, ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವನು. ನನ್ನ ಇಂಗ್ಲಿಷೆಲ್ಲ ರಜೆ ಅರ್ಜಿಯ ಇಂಗ್ಲಿಷು. ಜ್ವರ, ಮದುವೆ, ಅತ್ತೆಯ ಕಣ್ಣಿನ ಆಪರೇಷನ್ನು, ಈ ಮೂರು ಕಾರಣಗಳಿಗೆ ನನ್ನಷ್ಟು ಚೆನ್ನಾಗಿ ಅರ್ಜಿ ಬರೆಯುವವರು ಇಡೀ ಶೆಡ್ಡಿನಲ್ಲಿರಲಿಲ್ಲ. ಮದುವೆಯಾಗಲಿಲ್ಲ, ಅಕ್ಕನ ಜೊತೆಗಿದ್ದೆ. ನಾನು ನಿವೃತ್ತನಾದ ವರ್ಷವೇ ಆಕೆ ತೀರಿಕೊಂಡಳು. ಮರುವರ್ಷ ಕೊರೋನಾ ಬಂತು. ಕೆಲವು ದಿನ ಹಾಲಿನವನಿಗೆ "ಅರ್ಧಾ ಲೀಟರ್" ಎಂದದ್ದೇ ಇಡೀ ದಿನದ ಮಾತು.

ಒಂದು ದಿನ ನಾಲ್ಕು ಗಂಟೆಗೆ ಫೋನ್ ಬಂತು.

"ನಮಸ್ಕಾರ್ರಿ ಸರ್. ನಾ ಗರಗದಿಂದ ಸವಿತಾ. ಪ್ಯಾಸಿವ್ ವಾಯ್ಸ್ ತಿಳಿವಲ್ದ್ರಿ. ಈಗ ಕೇಳ್ಲೇನ್ರಿ?"

ತಪ್ಪು ನಂಬರ್ ಎನ್ನಬೇಕಿತ್ತು. ಬಾಯಿ ತೆರೆದೆ. ಆದರೆ ಹೊರಬಂದದ್ದು, "ಕೇಳವಾ."

ಆಮೇಲೆ ತಿಳಿದದ್ದಿಷ್ಟು. ಶಾಲೆಗೆ ಬೀಗ. ಹೊಸದಾಗಿ ಬಂದ ಇಂಗ್ಲಿಷ್ ಸರ್ ಅವರ ಮುಖ, ದನಿ ಎರಡೂ ಆ ಮಕ್ಕಳಿಗೆ ಗೊತ್ತಿಲ್ಲ. ನೋಟ್‌ಬುಕ್ಕುಗಳು ವಾರಕ್ಕೊಮ್ಮೆ ಯಾರದೋ ಕೈಯಲ್ಲಿ ಅವರಿಗೆ ಹೋಗಿ, ತಿದ್ದಿಸಿಕೊಂಡು ಬರುತ್ತಿದ್ದವು. ಸಂಶಯವಿದ್ದರೆ ಕೇಳಿ ಎಂದು ಅವರು ಅವುಗಳ ಜೊತೆಗೇ ಚೀಟಿಯಲ್ಲಿ ನಂಬರ್ ಬರೆದು ಕಳಿಸಿದ್ದರು. ಹುಡುಗಿ ಅದರಲ್ಲಿನ ಏಳನ್ನು ಒಂದು ಎಂದು ಓದಿಕೊಂಡಿದ್ದಳು.

"ಮನ್ಯಾಗ ಕಪ್ ಒಡೀತು ಅನ್ಕೋ," ಎಂದೆ. "ಒಡದಾಂವ ಯಾರು ಅಂತ ಹೇಳಲಾರದ 'ಕಪ್ ಒಡೆಯಲ್ಪಟ್ಟಿತು' ಅಂದ್ರ ಅದ ಪ್ಯಾಸಿವ್."

ಆ ಕಡೆಯಿಂದ ನಗು ಕೇಳಿಸಿತು. "ನಮ್ಮ ತಮ್ಮ ದಿನಾ ಹಂಗ ಮಾತಾಡ್ತಾನ್ರಿ ಸರ್!"

ನಗಬೇಡಿ, ಮರುದಿನವೇ ಪಕ್ಕದ ಮನೆಯವರ ಮಗನ ಹಳೆಯ ವ್ಯಾಕರಣ ಪುಸ್ತಕ, ಒಂದು ನಿಘಂಟು ಬೇಡಿ ತಂದೆ. ಬೆಳಿಗ್ಗೆಯೆಲ್ಲ ಓದುವುದು, ನಾಲ್ಕಕ್ಕೆ ಪಾಠ ಹೇಳುವುದು. ಸವಿತಾಳ ಇಬ್ಬರು ಗೆಳತಿಯರೂ ಫೋನ್ ಮಾಡತೊಡಗಿದರು. ನಾಲ್ಕಾಗುವ ಮೊದಲೇ ಶೇವ್ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಕೂರುತ್ತಿದ್ದೆ. ಫೋನಿನಲ್ಲಿ ಅಂಗಿ ಕಾಣುವುದಿಲ್ಲ ಎಂಬುದು ನನಗೂ ಗೊತ್ತಿತ್ತು.

ವ್ಯಾಕರಣದಲ್ಲಿ ಹೇಗೋ ದಡ ಸೇರಿದೆ. ಮುಳುಗಿದ್ದು ಪದ್ಯದಲ್ಲಿ. ಮುದುಕನೊಬ್ಬ ಸಂಜೆಯಾದರೂ ಮನೆಯ ಬಾಗಿಲು ಹಾಕುವುದಿಲ್ಲ, ಯಾಕೆ ಎಂಬುದು ಪ್ರಶ್ನೆ. ಸವಿತಾ ಒಂದೊಂದೇ ಸಾಲು ಓದಿದಳು, ನಾನು ನಿಘಂಟು ತಿರುವಿದೆ. ಕೊನೆಗೆ, "ಯಾರರೆ ಬಂದಾರು ಅಂತ ತಗದಿಟ್ಟಾನವಾ. ಹಂಗ ಬರಿ," ಎಂದೆ.

ಮುಂದಿನ ವಾರ ಫೋನಿನಲ್ಲಿ ಸಿಟ್ಟಿತ್ತು. "ಸರ್, ನೀವ ಹೇಳಿದ್ದ ಬರದೇನಿ. ನೀವ ತಪ್ಪ ಹಾಕೀರಲ್ರಿ! ಸಂಜಿ ಗಾಳಿ, ಹಕ್ಕಿ ದನಿ ಅಂದ್ರ ಅವಗ ಪ್ರೀತಿ ಅಂತ ಬರೀಬೇಕಿತ್ತಂತ."

ನಿಸರ್ಗಪ್ರೇಮ! ನನಗೆ ಹೊಳೆದಿರಲೇ ಇಲ್ಲ. ಹುಡುಗಿ ನನ್ನಿಂದಾಗಿ ಅಂಕ ಕಳೆದುಕೊಂಡಿದ್ದಳು. ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ.

"ತಪ್ಪ ಹಾಕಿದವರು ನಿಮ್ಮ ಸರ್ ಅದಾರವ್ವಾ. ನಾ ನಿಮ್ಮ ಸರ್ ಅಲ್ಲ. ನಿನಗ ತಪ್ಪ ನಂಬರ್ ಹತ್ತೇತಿ."

"ಹಂಗಾದ್ರ ನೀವು ಯಾರ್ರಿ?"

"ರೈಲ್ವೆದಾಗ ಫಿಟರ್ ಇದ್ದೆ. ಈಗ ಮನ್ಯಾಗ ಒಬ್ನ ಇರತೇನಿ."

"ಮತ್ತ ಅವತ್ತ ಯಾಕ ಹೇಳ್ಲಿಲ್ರಿ?"

"ನೀ ಸರ್ ಅಂದಿ. ಫೋನ್ ಇಡಾಕ ಮನಸ್ಸಾಗಲಿಲ್ಲ."

ಆಕೆ ಫೋನ್ ಇಟ್ಟಳು. ಅಲ್ಲಿಗೆ ಮೂವರ ಫೋನೂ ನಿಂತಿತು. ನಾನು ಒಂದು ತಿಂಗಳು ಇಸ್ತ್ರಿ ಅಂಗಿ ಹಾಕಿಕೊಂಡು ಕೂತೆ, ಆಮೇಲೆ ಬಿಟ್ಟೆ. ನಂಬರ್ ನನ್ನಲ್ಲಿತ್ತು. ಯಾವ ಮುಖ ಇಟ್ಟುಕೊಂಡು ಮಾಡಲಿ?

ಐದು ವರ್ಷದ ಮೇಲೆ, ನಿನ್ನೆ, ಆ ಕಟ್ಟೆಯ ಮೇಲೆ ಕೂತು ಮಾಡಿದೆ. ಗಂಡಸಿನ ದನಿ ಬಂತು. "ಯಾರ್ರಿ?"

"ಸವಿತಾ ಅದಾಳೇನ್ರಿ? ಆಕಿಗೆ ಹಿಂದ ಒಂದು ತಪ್ಪ ಉತ್ತರ ಹೇಳಿಕೊಟ್ಟಿದ್ದೆ..."

"ಓಹೋ, ರೈಲ್ವೆ ಕಾಕಾ ಏನ್ರಿ?"

"ರೈಲ್ವೆದಾಂವ ಹೌದ್ರಿ. ಕಾಕಾ ಅಂತ ಯಾರಂದ್ರಿ?" ಎಂದೆ.

"ನಾ ಆಕಿ ಅಪ್ಪಾರಿ. ನಮ್ಮ ಮನ್ಯಾಗ ನಿಮಗ ಹಂಗ ಅಂತಾರ್ರಿ. ಅವತ್ತ ನಾನ ಬ್ಯಾಡಂದೆ, ಗುರ್ತಿಲ್ಲದ ಗಂಡಸರ ಕೂಡ ಏನ ಮಾತು ಅಂತ. ಹುಡುಗಿ ಎರಡ ದಿನ ಅತ್ತಳ್ರಿ. ಸಿಟ್ಟಾಗಬ್ಯಾಡ್ರಿ."

"ನೀವು ಮಾಡಿದ್ದು ಬರೋಬ್ಬರಿ ಐತ್ರಿ," ಎಂದೆ. ಮಗಳಿದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

"ಈಗ ಧಾರವಾಡದಾಗ ಬಿಕಾಂ ಓದಾಕತ್ತಾಳ್ರಿ. ಇಂಗ್ಲಿಷ್ ಮಾತ್ರ ಇನ್ನೂ ಅಷ್ಟಕ್ಕಷ್ಟ." ಅವರು ನಕ್ಕರು, ನಾನೂ ನಕ್ಕೆ. "ಐತವಾರ ಮನಿಗೆ ಬರ್ತಾಳ. ನೀವ ಫೋನ್ ಹಚ್ಚರಿ, ಮಾತಾಡಸ್ತೇನಿ."

ಇವತ್ತು ಗುರುವಾರ, ಭಾನುವಾರಕ್ಕೆ ಇನ್ನು ಮೂರು ದಿನ. ಏನು ಮಾತಾಡುವುದೆಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ. ಪ್ರಶ್ನೆಯೇ ಇಲ್ಲದೆ ಯಾರೊಂದಿಗಾದರೂ ಮಾತಾಡುವ ಅಭ್ಯಾಸ ನನಗೆ ತಪ್ಪಿಹೋಗಿದೆ.