ಪರ್ಮಿಟ್ಟಿನ ಫೋಟೋದಲ್ಲಿದ್ದ ಜಡೆ

ನಮ್ಮ ದೇಶದೊಳಗಿನ ಊರಿಗೇ ಹೋಗಲು ಸರ್ಕಾರದ ಅಪ್ಪಣೆ ಬೇಕು ಎಂದರೆ ನಮ್ಮತ್ತೆ ನಂಬಲಿಲ್ಲ. ತೊಂಬತ್ತರ ದಶಕದ ನಡುವಿನ ಮಾತು ಇದು. ನಾನಾಗ ಕೃಷ್ಣರಾಜಪೇಟೆಯ ಒಂದು ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದೆ. ನಮ್ಮ ಶಾಖೆಯ ನಾಲ್ಕೈದು ಮನೆಯವರು ಸೇರಿ ಕೊಚ್ಚಿಯಿಂದ ಹಡಗಿನಲ್ಲಿ ಲಕ್ಷದ್ವೀಪ ಸುತ್ತಿಕೊಂಡು ಬರುವುದೆಂದು ತೀರ್ಮಾನವಾಗಿತ್ತು. ರಾತ್ರಿ ಹಡಗಿನಲ್ಲೇ ಊಟ, ನಿದ್ದೆ. ಹಗಲು ಯಾವುದಾದರೊಂದು ದ್ವೀಪದಲ್ಲಿ ಇಳಿಸಿ ಸಂಜೆಗೆ ಮತ್ತೆ ಹತ್ತಿಸಿಕೊಳ್ಳುತ್ತಾರೆ. ನನ್ನ ಗಂಡನಿಗೆ ಬಸ್ಸಿನಲ್ಲಿ ಚನ್ನರಾಯಪಟ್ಟಣ ಮುಟ್ಟುವಷ್ಟರಲ್ಲೇ ವಾಂತಿ. ಹಡಗಿನ ಹೆಸರೆತ್ತಿದ್ದಕ್ಕೇ ಮುಖ ಹುಳ್ಳಗೆ ಮಾಡಿಕೊಂಡು, "ನಾ ಬರಲ್ಲ ಕಣೆ, ಅವ್ವನ್ನ ಕರ್ಕೊಂಡೋಗು" ಎಂದುಬಿಟ್ಟರು. ಮಾವ ಹಸುಗಳನ್ನು ಬಿಟ್ಟು ಬರುವವರಲ್ಲ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವ ಮನೆ ನಮ್ಮದು.

ಅತ್ತೆಗೆ ಮಾತ್ರ ಹೋಗಲೇಬೇಕಿತ್ತು. ಅವರು ಹೇಮಾವತಿ ದಂಡೆಯ ಊರಲ್ಲಿ ಹುಟ್ಟಿ, ಹೇಮಾವತಿ ದಂಡೆಯ ಊರಿಗೇ ಸೊಸೆಯಾಗಿ ಬಂದವರು. ಮೈಸೂರು ದಾಟಿದವರಲ್ಲ. "ಈ ನೀರೆಲ್ಲಾ ಓಗಿ ಸಮುದ್ರ ಸೇರ್ತದೆ ಅಂತಾರಲ್ಲ, ಅದೆಂಗದೆ ಅಂತ ಒಂದ್ಸಲ ನೋಡ್ಬುಡ್ಬೇಕು ಕಣವ್ವ" ಎನ್ನುತ್ತಿದ್ದರು. ನಮ್ಮ ಹೊಳೆ ಸೇರುವುದು ಮದ್ರಾಸಿನ ಕಡೆಯ ಸಮುದ್ರಕ್ಕೆ, ನಾವು ಹೋಗುತ್ತಿರುವುದು ಇನ್ನೊಂದು ಕಡೆಯದಕ್ಕೆ ಎಂದು ನಾನು ತಿಳಿಸಿ ಹೇಳಿದೆ. "ನೀರೇ ತಾನೆ? ಒಳೊಳ್ಗೇ ಸೇರ್ಕಂಡಿರ್ತದೆ ಬುಡು" ಎಂದರು.

ದ್ವೀಪಕ್ಕೆ ಕಾಲಿಡಲು ಪರ್ಮಿಟ್ಟು ಬೇಕು. ಪರ್ಮಿಟ್ಟಿಗೆ ಅರ್ಜಿ, ಅರ್ಜಿಗೆ ಫೋಟೋ, ಊರಿನ ಠಾಣೆಯಿಂದ ನಡತೆ ಪತ್ರ, ವಯಸ್ಸಾದವರಿದ್ದರೆ ಹಡಗು ಪ್ರಯಾಣಕ್ಕೆ ಗಟ್ಟಿಯಾಗಿದ್ದಾರೆಂದು ಡಾಕ್ಟರ ಸರ್ಟಿಫಿಕೇಟು. ನಮ್ಮ ಗುಂಪಿನ ಕಾಗದಪತ್ರವೆಲ್ಲ ನನ್ನ ತಲೆಗೇ ಬಿತ್ತು. ಅಂಥ ಕೆಲಸದಲ್ಲಿ ನಾನು ಸ್ವಲ್ಪ ಬಿಗಿ. ಒಂದು ಸಹಿ ಆಚೀಚೆ ಆದರೂ ನನಗೆ ಊಟ ಸೇರುತ್ತಿರಲಿಲ್ಲ.

ಫೋಟೋಗೆ ಬಸ್ ಸ್ಟ್ಯಾಂಡಿನ ಹತ್ತಿರದ ಸ್ಟುಡಿಯೋಗೆ ಹೋದೆವು. ಅತ್ತೆಯ ಕೂದಲು ಆ ವಯಸ್ಸಿನಲ್ಲೂ ದಟ್ಟವಾಗಿತ್ತು, ಅವರಿಗೆ ಅದರ ಹೆಮ್ಮೆಯೂ ಇತ್ತು. ಅಂದು ಕನಕಾಂಬರ ಮುಡಿದು, ಜಡೆಯನ್ನು ಹೆಗಲ ಮೇಲಿಂದ ಮುಂದಕ್ಕೆ ಹಾಕಿಕೊಂಡು ಕೂತರು. ಮುಖ ಕಂಡರೆ ಸಾಕು ಎಂದು ಸ್ಟುಡಿಯೋದವನು ಎಷ್ಟು ಹೇಳಿದರೂ ಜಡೆ ಹಿಂದಕ್ಕೆ ಹೋಗಲಿಲ್ಲ. ಕೊನೆಗೆ ಬಂದ ಚಿತ್ರದಲ್ಲಿ ಅರ್ಧ ಅತ್ತೆ, ಅರ್ಧ ಜಡೆ.

ವಿಚಾರಣೆಗೆ ಬಂದ ಪೊಲೀಸಿನವರಿಗೆ ಮಜ್ಜಿಗೆ ಕೊಟ್ಟು ಕೂರಿಸಿದೆವು. ಅವರು ಲೋಟ ಕೆಳಗಿಟ್ಟು, "ನಿಮ್ ಮೇಲೆ ಕೇಸುಗೀಸು ಏನಾರ ಅದಾವ್ರಮ್ಮ?" ಎಂದು ಕೇಳಿದರು. ಇಲ್ಲ ಎಂದರೆ ಮುಗಿಯುತ್ತಿತ್ತು. ಅತ್ತೆ, "ಅದೆ" ಎಂದರು. ದಾಯಾದಿಗಳ ಜತೆ ಬದುವಿನ ತಕರಾರು ಎಂದು ಶುರು ಮಾಡಿ, ಯಾವ ಹೊಲ, ಯಾರ ಎತ್ತು, ಯಾರು ಮೊದಲು ಗುದ್ದಲಿ ಹಾಕಿದ್ದು ಎಲ್ಲವನ್ನೂ ಹೇಳಿದರು. ಪರ್ಮಿಟ್ಟು ಕೈತಪ್ಪಿತು ಎಂದುಕೊಂಡೆ. ಪೊಲೀಸಿನವರು ಪೂರ್ತಿ ಕೇಳಿ, "ಅದು ಮನೆ ಜಗ್ಳ ಬುಡವ್ವ, ಅದ್ಕೆ ಸಮುದ್ರದೋರು ಏನೂ ಅನ್ನಾಕಿಲ್ಲ" ಎಂದು ನಕ್ಕು ಬರೆದುಕೊಂಡು ಹೋದರು. ಒಳ್ಳೆಯ ಮನುಷ್ಯ. ಸರ್ಕಾರಿ ಆಸ್ಪತ್ರೆಯ ಡಾಕ್ಟರೂ ಹಾಗೇ. ಅತ್ತೆಯ ಎದೆ, ಬಿ.ಪಿ. ಎಲ್ಲ ನೋಡಿ ಬರೆದುಕೊಟ್ಟರು. ಅದಕ್ಕೆ ಎರಡು ವರ್ಷ ಹಿಂದೆ ನನಗೆ ಕಾಮಾಲೆ ಆಗಿದ್ದು ಅವರಿಗೆ ನೆನಪಿತ್ತು. ನನ್ನ ಕಣ್ಣನ್ನೂ ಒಮ್ಮೆ ನೋಡಿ, ಏನೂ ತೊಂದರೆಯಿಲ್ಲ, ಹೋಗಿ ಬಾಮ್ಮ ಎಂದರು.

ಪರ್ಮಿಟ್ಟು ಬಂತು. ಇನ್ನು ಬಟ್ಟೆ ತುಂಬಿಕೊಂಡು ಹೊರಡುವುದೊಂದೇ ಬಾಕಿ. ಹೊರಡುವ ವಾರ ಅತ್ತೆ ಬೆಳಿಗ್ಗೆಯೇ ಎದ್ದು, ಹೇಮಗಿರಿಗೆ ಹೋಗಿ ಬರುತ್ತೇನೆಂದು ಬಸ್ಸು ಹತ್ತಿದರು. ನಾನು ಬ್ಯಾಂಕಿನಿಂದ ಬರುವ ಹೊತ್ತಿಗೆ ಜಗಲಿಯ ಮೇಲೆ ಕೂತಿದ್ದರು. ತಲೆ ನುಣ್ಣಗೆ ಬೋಳಿಸಿತ್ತು. ಮೇಲೆ ಗಂಧ ಬಳಿದಿತ್ತು. ಹೊಳೆಯಲ್ಲಿ ಮಿಂದು ಬೆಟ್ಟದ ದೇವರಿಗೆ ಮುಡಿ ಕೊಟ್ಟು ಬಂದಿದ್ದರು.

"ಇದೇನತ್ತೆ ಮಾಡ್ಕೊಂಡ್ ಬಂದ್ರಿ?" ಎಂದೆ.

"ಒಂದು ಹಳೇ ಅರಕೆ ಇತ್ತು ಕಣವ್ವ. ದೇವರ್ದು ಅಂಗೇ ಇಟ್ಕಂಡು ಅಷ್ಟು ದೊಡ್ಡ ನೀರ್ ಮ್ಯಾಲೆ ಓಗಬಾರ್ದು" ಎಂದರು, ಅದರಲ್ಲಿ ಕೇಳುವುದೇನಿದೆ ಎಂಬಂತೆ.

ನಾನು ಕೂಗಾಡಿದೆ. ಪರ್ಮಿಟ್ಟಿನ ಮೇಲೆ ಜಡೆಯ ಫೋಟೋ ಅಂಟಿಸಿದೆ, ಮೇಲೆ ಸೀಲೂ ಬಿದ್ದಿದೆ, ಈ ತಲೆ ಇಟ್ಟುಕೊಂಡು ಹೋದರೆ ನಿಮ್ಮನ್ನು ಯಾರು ಹತ್ತಿಸಿಕೊಳ್ಳುತ್ತಾರೆ ಎಂದೆ. ಕೊಟ್ಟಿಗೆಯಿಂದ ಬಂದ ಮಾವ, "ಓಗ್ಲಿ ಬುಡವ್ವ, ಕೂದ್ಲು ತಾನೆ, ಬೆಳೀತದೆ" ಎಂದು ಸಮಾಧಾನ ಮಾಡಲು ನೋಡಿದರು. "ಶುಕ್ರವಾರದೊಳಗೆ ಬೆಳೆಯುತ್ತಾ ಮಾವ?" ಎಂದೆ. ಅವರು ಮತ್ತೆ ಕೊಟ್ಟಿಗೆಗೇ ಹೋದರು. ಯಾರಿಗಾಗಿ ಹೊತ್ತ ಹರಕೆ ಎಂದು ನಾನು ಕೇಳಲಿಲ್ಲ. ನಮ್ಮ ಕಡೆ ಹೆಂಗಸರು ಹಸು ಈಯಲೆಂದು, ಬೋರಿನಲ್ಲಿ ನೀರು ಬರಲೆಂದು ಹರಕೆ ಹೊರುತ್ತಾರೆ. ಇದೂ ಅಂಥದ್ದೇ ಒಂದು ಎಂದುಕೊಂಡೆ.

ಮಾರನೆ ದಿನ ಎಸ್‌ಟಿಡಿ ಬೂತಿನಿಂದ ಕೊಚ್ಚಿಗೆ ಫೋನು ಮಾಡಿದೆ. ನಮ್ಮತ್ತೆ ತಲೆ ಬೋಳಿಸಿಕೊಂಡಿದ್ದಾರೆ ಎಂಬುದನ್ನು ಇಂಗ್ಲಿಷಿನಲ್ಲಿ ಕೂಗಿ ಕೂಗಿ ಹೇಳುತ್ತಿದ್ದರೆ, ಹೊರಗೆ ಕಾಯುತ್ತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಆ ಕಡೆಯವರಿಗೆ ಅರ್ಥವಾಗುವ ಹೊತ್ತಿಗೆ ಲೈನು ಕಟ್ಟಾಯಿತು. ಬಂದದ್ದು ಬರಲಿ ಎಂದು ಹೊರಟೆವು.

ಕೊಚ್ಚಿಯ ಬಂದರಿನಲ್ಲಿ ಒಂದು ಉದ್ದನೆಯ ತಗಡಿನ ಶೆಡ್ಡು. ಅದರಾಚೆ ಹಡಗು ನಿಂತಿತ್ತು. ಬಿಳೀ ಗೋಡೆಯ ಹಾಗೆ ಅಷ್ಟೆತ್ತರಕ್ಕೆ ಇತ್ತು. ಅತ್ತೆ ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಹೊದ್ದುಕೊಂಡು ಅದನ್ನೇ ನೋಡುತ್ತ ಸಾಲಿನಲ್ಲಿ ಮುಂದೆ ಹೋದರು. ಕಾಗದ ನೋಡುವ ಮೇಜಿನವರು ಸೆರಗು ಸರಿಸಲು ಸನ್ನೆ ಮಾಡಿದರು. ಸರಿಸಿದರು. ಅವರು ಫೋಟೋ ನೋಡಿದರು, ತಲೆ ನೋಡಿದರು, ಮತ್ತೆ ಫೋಟೋ ನೋಡಿದರು. ಇವರೇ ಅವರು ಎಂದು ನಾನು ಹೇಳಿದೆ, ಫೋಟೋದಲ್ಲೂ ಕಾಣುತ್ತಿದ್ದ ಕೆನ್ನೆಯ ಮಚ್ಚೆ ತೋರಿಸಿದೆ, ಜತೆಯವರೂ ಹೇಳಿದರು. ಅವರು ಒರಟಾಗಿ ಏನೂ ಮಾತಾಡಲಿಲ್ಲ. ಆದರೆ ಮುದ್ರೆ ಒತ್ತದೆ, ಕೂದಲು ಹೋದದ್ದೇಕೆ ಎಂದು ಮೊದಲು ಡಾಕ್ಟರು ನೋಡಲಿ ಎಂದು ಪಕ್ಕದ ಮೇಜಿಗೆ ಕಳಿಸಿದರು. ನಮ್ಮ ಗುಂಪಿನ ಉಳಿದವರೆಲ್ಲ ಹಡಗಿನ ಏಣಿ ಹತ್ತಿಹೋದರು.

ಹಡಗಿನ ಡಾಕ್ಟರು ನನ್ನದೇ ವಯಸ್ಸಿನ ಹೆಂಗಸು. ನಾವು ಇಂಗ್ಲಿಷಿನಲ್ಲಿ ಮಾತಾಡಿದೆವು. ಕೂದಲು ಹೀಗೆ ಪೂರ್ತಿ ಹೋಗಿರುವುದು ಕಾಯಿಲೆಯಿಂದಲೇ, ಈಚೆಗೆ ಜ್ವರ ಬಂದಿತ್ತೇ, ದೊಡ್ಡ ಔಷಧಿ ಏನಾದರೂ ನಡೆಯುತ್ತಿದೆಯೇ ಎಂದು ಕೇಳಿದರು. ಇಲ್ಲ, ದೇವರಿಗೆ ಮುಡಿ ಕೊಟ್ಟಿದ್ದಾರೆ ಎಂದೆ. ಅವರು ಪೆನ್ನು ಕೆಳಗಿಟ್ಟರು. "ಜನ ಸಾಮಾನ್ಯವಾಗಿ ಕಾಯಿಲೆಗೇ ಅಲ್ಲವೇ ಹರಕೆ ಹೊರುವುದು? ನಡು ಸಮುದ್ರದಲ್ಲಿ ಇವರಿಗೆ ಏನಾದರೂ ಆದರೆ ನನ್ನ ಹತ್ತಿರ ಒಂದು ಸಣ್ಣ ಕೋಣೆ, ನಾಲ್ಕು ಔಷಧಿ ಬಿಟ್ಟರೆ ಏನೂ ಇಲ್ಲ. ನೀವು ಹೇಳಬೇಡಿ. ಅವರನ್ನೇ ಕೇಳಿ" ಎಂದರು. ಅವರು ಕೇಳಿದ್ದು ನ್ಯಾಯವಾಗಿತ್ತು.

"ಅತ್ತೆ, ಯಾತಕ್ಕೆ ಮುಡಿ ಕೊಟ್ರಿ ಅಂತ ಕೇಳ್ತಿದ್ದಾರೆ. ಹೇಳಿ."

ಬದುವಿನ ಜಗಳವನ್ನು ಪೊಲೀಸಿಗೆ ತಾನಾಗಿ ಹೇಳಿದ ಹೆಂಗಸು ಈಗ ಬಾಯಿ ಬಿಡಲಿಲ್ಲ. ಇನ್ನೊಂದು ಸಲ ಕೇಳಿದೆ. ಸೆರಗನ್ನು ಮತ್ತೆ ಎಳೆದುಕೊಂಡು, "ಅದ ಏಳಕಾಗಕಿಲ್ಲ ಅನ್ನು" ಎಂದರು.

"ಹೇಳದಿದ್ರೆ ಬಿಡಲ್ಲ ಅತ್ತೆ."

"ಬುಡದಿದ್ರೆ ಬ್ಯಾಡ. ಸಮುದ್ರ ಇಲ್ಲಿಂದ್ಲೇ ಕಾಣ್ತದಲ್ಲ, ಸಾಕು. ನಾ ಇಲ್ಲೇ ಎಲ್ಲಾರ ಇರ್ತೀನಿ, ನೀ ಓಗ್ಬುಟ್ಟು ಬಾ."

ಅಷ್ಟು ಆಸೆಪಟ್ಟವರು ಇಷ್ಟು ಸುಲಭಕ್ಕೆ ಕೈಬಿಟ್ಟದ್ದನ್ನು ನೋಡಿ ನನಗೇ ಭಯವಾಯಿತು. ನಿಜವಾಗಿಯೂ ಏನೋ ಕಾಯಿಲೆ ಇದೆ, ನಮ್ಮೆಲ್ಲರಿಂದ ಮುಚ್ಚಿಟ್ಟಿದ್ದಾರೆ ಎನ್ನಿಸಿತು. ಅವರ ಚೀಲವನ್ನೂ ನನ್ನ ಚೀಲವನ್ನೂ ಎತ್ತಿಕೊಂಡೆ. "ನೀವು ಬರದಿದ್ರೆ ನಾನೂ ಹೋಗಲ್ಲ. ನಡೀರಿ, ಮೈಸೂರು ಬಸ್ಸಿಗೆ ಹೋಗಣ. ಆಸ್ಪತ್ರೇಲಿ ತೋರಿಸ್ತೀನಿ" ಎಂದೆ.

ಅತ್ತೆ ನನ್ನ ಕೈಯಿಂದ ಚೀಲ ಕಿತ್ತುಕೊಂಡರು. "ಕಾಯ್ಲೆ ನಂಗಲ್ಲ ಕಣ್ ಮಗ" ಎಂದರು. "ನಿಂಗೆ."

ಇದನ್ನು ಬರೆಯುವಾಗ ಒಂದು ಮಾತು ಹೇಳಬೇಕು. ನನಗೆ ಕಾಮಾಲೆಯಾದಾಗ ನಾನು ಆರು ತಿಂಗಳ ಬಸುರಿ. ಮೈಸೂರಿನ ಆಸ್ಪತ್ರೆಯಲ್ಲಿ ಎಷ್ಟೋ ದಿನ ನನಗೆ ಪ್ರಜ್ಞೆಯೇ ಇರಲಿಲ್ಲ. ಎದ್ದಾಗ ಮಗು ಇರಲಿಲ್ಲ. ಮನೆಗೆ ಬಂದ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೊದಲ ಮೊಮ್ಮಗುವಿಗೆಂದು ಅತ್ತೆ ಹೊಲಿದಿಟ್ಟಿದ್ದ ಕುಲಾವಿ, ಬಟ್ಟೆ ಎಲ್ಲ ಎಲ್ಲಿಗೆ ಹೋದವೋ ನನಗೆ ಗೊತ್ತಿಲ್ಲ. ಮಗುವನ್ನು ಉಳಿಸಿಕೊಳ್ಳಲಾರದ ಸೊಸೆಯ ಮೇಲೆ ಅವರಿಗೆ ಒಳಗೇ ಬೇಸರವಿದೆ ಎಂದು ನಾನು ಎರಡು ವರ್ಷ ನಂಬಿಕೊಂಡಿದ್ದೆ.

ಅತ್ತೆ ನನ್ನ ಮುಖ ನೋಡದೆ, ಡಾಕ್ಟರ ಮೇಜಿನ ಅಂಚು ಹಿಡಿದುಕೊಂಡು ಹೇಳಿದರು. "ಇಬ್ಬರ್ನೂ ಉಳ್ಸಕ್ಕಾಗದೋ ಏನೋ ಅಂದ್ರು ಆಸ್ಪತ್ರೇಲಿ. ನಾನು ಒರಗಡೆ ನಲ್ಲಿ ತಾವು ನಿಂತ್ಕಂಡು ಬೆಟ್ಟದಪ್ಪಂಗೆ ಕೈ ಮುಗ್ದೆ. ಕೂಸು ಓದ್ರೆ ಓಗ್ಲಿ, ಈ ಮಗ ಉಳ್ಕಳ್ಳಿ, ತಲೆ ಕೊಡ್ತೀನಿ ಅಂದೆ. ನಿನ್ ಕೂಸ್ನ ಓಗ್ಲಿ ಅಂದವಳು ನಾನೇ ಕಣವ್ವ. ಅದ ನಿನ್ ಮುಂದೆ ಎಂಗೇಳ್ಲಿ?"

ಡಾಕ್ಟರು ನಮ್ಮಿಬ್ಬರನ್ನೂ ನೋಡುತ್ತ ಕಾಯುತ್ತಿದ್ದರು. ಏನು ಹೇಳಿದರು ಎಂದು ಕೇಳಿದರು. ನನಗೆ ಇಂಗ್ಲಿಷು ಮರೆತೇ ಹೋಗಿತ್ತು. ಕೊನೆಗೆ, "ಎರಡು ವರ್ಷದ ಹಿಂದೆ ಕಾಮಾಲೆಯಾಗಿದ್ದು ನನಗೆ. ನಾನು ಬದುಕಲಿ ಅಂತ ಇವರು ಕೂದಲು ಕೊಟ್ಟರು" ಎಂದಷ್ಟೇ ಹೇಳಿದೆ. ಅವರು ಡಾಕ್ಟರಲ್ಲವೇ, ಕಾಮಾಲೆ ಎಂದ ಕೂಡಲೇ ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು. ರೆಪ್ಪೆ ಎಳೆದು ಕಣ್ಣು ನೋಡಿದರು, ಬಲ ಪಕ್ಕೆಯ ಕೆಳಗೆ ಒತ್ತಿ ನೋಡಿದರು. ಈಗ ನನ್ನನ್ನು ತಡೆಯುತ್ತಾರೋ ಎಂದು ಅತ್ತೆ, "ಅವ್ಳು ಗಟ್ಟಿ ಅವ್ಳೆ ಕಣಮ್ಮ, ದಿನಾ ಎರಡು ಮುದ್ದೆ ಉಣ್ತಾಳೆ" ಎಂದು ಕನ್ನಡದಲ್ಲೇ ಸಾಕ್ಷಿ ಹೇಳಿದರು. ಡಾಕ್ಟರಿಗೆ ಎಷ್ಟು ತಿಳಿಯಿತೋ. ಎರಡೂ ಕಾಗದದ ಮೇಲೆ ಬರೆದು ಸಹಿ ಮಾಡಿ, ತಾವೇ ಎದ್ದು ಪಕ್ಕದ ಮೇಜಿಗೆ ಹೋಗಿ ಮುದ್ರೆ ಒತ್ತಿಸಿಕೊಂಡು ಬಂದರು. ಆಮೇಲೆ ಅತ್ತೆಯ ಕೈ ಹಿಡಿದು ಏಣಿಯ ಬುಡದವರೆಗೂ ಕರೆತಂದರು. ಆ ತಾಯಿಯ ಹೆಸರು ನಾನು ಕೇಳಲಿಲ್ಲ. ಅವರು ಎಲ್ಲೇ ಇರಲಿ, ಚೆನ್ನಾಗಿರಲಿ.

ಹಡಗು ದಡ ಬಿಟ್ಟಿತು. ಅತ್ತೆ ಕಂಬಿ ಹಿಡಿದು ನಿಂತಿದ್ದರು. ಗಾಳಿಗೆ ಸೆರಗು ನಿಲ್ಲಲಿಲ್ಲ, ಅವರೂ ಅದನ್ನು ಎಳೆದುಕೊಳ್ಳಲಿಲ್ಲ. ಅಷ್ಟು ನೋಡಬೇಕೆಂದಿದ್ದ ಸಮುದ್ರ ಕಣ್ಣ ಮುಂದೆ ಹರಡಿಕೊಂಡಿದ್ದರೂ ಅವರು ಓರೆಗಣ್ಣಿನಲ್ಲಿ ನನ್ನನ್ನೇ ನೋಡುತ್ತಿದ್ದರು.

"ಸಿಟ್ಟಾ ಮಗ?" ಎಂದರು.

"ನೀವು ಮಗು ಹೋಗಲಿ ಅಂತ ಕೇಳ್ಕೊಳ್ಳಲಿಲ್ಲ ಅತ್ತೆ. ನಾನು ಉಳೀಲಿ ಅಂತ ಕೇಳ್ಕೊಂಡ್ರಿ" ಎಂದೆ.

"ಎಣ್ಣು ಕೂಸು ಕಣವ್ವ" ಎಂದರು. "ನಾನೇ ನೀರು ಆಕಿ, ಬಟ್ಟೆ ಸುತ್ತಿ ಕಳ್ಸಿದ್ದು. ನಿನ್ನಂಗೇ ಇತ್ತು ಮೂಗು."

ಗಂಡೋ ಹೆಣ್ಣೋ ಎಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ. ನಾನು ಅವರ ಭುಜಕ್ಕೆ ಮುಖ ಒತ್ತಿ ಅತ್ತುಬಿಟ್ಟೆ. ಅವರೂ ಅತ್ತರು. ಎರಡು ವರ್ಷ ಒಂದೇ ಮನೆಯಲ್ಲಿದ್ದು, ಒಬ್ಬರಿಗೊಬ್ಬರು ಕಾಣದ ಹಾಗೆ ಅತ್ತವರು ನಾವು. ನಮ್ಮ ಮ್ಯಾನೇಜರ ಹೆಂಡತಿ ದೂರದಿಂದ ನೋಡಿ, ಇಬ್ಬರಿಗೂ ಹೊಟ್ಟೆ ತೊಳಸುತ್ತಿದೆ ಎಂದುಕೊಂಡು ಓಡಿ ಬಂದರು. ಮೂಸಿ ನೋಡಿ ಎಂದು ನಮ್ಮಿಬ್ಬರ ಕೈಗೂ ಒಂದೊಂದು ನಿಂಬೆಹಣ್ಣು ಕೊಟ್ಟರು. ನಾವು ಬೇಡ ಎನ್ನಲಿಲ್ಲ. ನಿಂಬೆಹಣ್ಣು ಹಿಡಿದುಕೊಂಡೇ, ಆ ಮಗು ಹೇಗಿತ್ತು ಎಂದು ಅತ್ತೆ ಹೇಳುತ್ತ ಹೋದರು. ದಡ ಕಾಣದಾಗುವವರೆಗೂ ನಾನು ಕೇಳಿಸಿಕೊಂಡೆ.