ಸುಮತಿಯ ಮೂರನೇ ಅಧ್ಯಾಯ

ಕೊರೋನಾ ಮುಗಿದ ಮರುವರ್ಷ ನಾನು ಧರ್ಮಪುರಿಯ ಕಾಲೇಜೊಂದರಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದೆ. ಸೇಲಂನ ಕೈಮಗ್ಗದ ಮನೆಯ ಸುಮತಿ ನನ್ನ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಅವಳು ಪಾಠ ಹೇಳುತ್ತಿದ್ದ ಖಾಸಗಿ ಕಾಲೇಜಿನವರು, ಜೂನ್ ಒಳಗೆ ಡಿಗ್ರಿ ತಂದರೆ ಮಾತ್ರ ಕೆಲಸ ಎಂದು ಹೇಳಿಬಿಟ್ಟಿದ್ದರು.

ಅವಳ ವಿಷಯ ಫೈನೈಟ್ ಗ್ರೂಪ್‌ಗಳಲ್ಲಿ ಪರ್ಮ್ಯೂಟಬಿಲಿಟಿ. ಗ್ರೂಪ್ ಎಂದರೆ ಗುಣಾಕಾರದಂಥ ಒಂದು ಕ್ರಿಯೆ ಇರುವ ಗಣ. ಇಲ್ಲಿ ಹಿಂದುಮುಂದಾಗಿ ಗುಣಿಸಿದರೆ ಅದೇ ಉತ್ತರ ಬರಬೇಕೆಂದಿಲ್ಲ. ಅದರೊಳಗಿನ ಚಿಕ್ಕ ಗ್ರೂಪ್‌ಗೆ ಸಬ್‌ಗ್ರೂಪ್ ಎನ್ನುತ್ತೇವೆ. ಎರಡು ಸಬ್‌ಗ್ರೂಪ್‌ಗಳನ್ನು ಯಾವ ಕ್ರಮದಲ್ಲಿ ಗುಣಿಸಿದರೂ ಒಟ್ಟಾರೆ ಅದೇ ಗಣ ಬಂದರೆ ಅವು ಒಂದಕ್ಕೊಂದು ಪರ್ಮ್ಯೂಟ್ ಆಗುತ್ತವೆ. ಎಲ್ಲ ಸಬ್‌ಗ್ರೂಪ್‌ಗಳ ಜೊತೆಗೂ ಹೀಗೆ ಹೊಂದಿಕೊಳ್ಳುವುದು ಪರ್ಮ್ಯೂಟಬಲ್.

ವೈವಾ, ಅಂದರೆ ಎಲ್ಲರೆದುರು ಪ್ರಬಂಧವನ್ನು ಸಮರ್ಥಿಸಿಕೊಳ್ಳುವ ಕೊನೆಯ ಪರೀಕ್ಷೆಯ ಬೆಳಿಗ್ಗೆ, ಸುಮತಿ ಬಸ್ಸಿಳಿದವಳೇ ನನ್ನ ಕೋಣೆಗೆ ಬಂದಳು.

"ಸಾರ್, ಮೂರನೇ ಅಧ್ಯಾಯ ನಿಲ್ಲಲ್ಲ. ಎರಡು ಪರ್ಮ್ಯೂಟಬಲ್ ಸಬ್‌ಗ್ರೂಪ್‌ಗೆ ಕಾಮನ್ನಾಗಿರೋ ಭಾಗಾನೂ ಪರ್ಮ್ಯೂಟಬಲ್ಲೇ ಅಂತ ಇಟ್ಕೊಂಡು ಓಗ್ಬಿಟ್ಟಿದೀನಿ. ಅದು ಯಾವಾಗ್ಲೂ ಆಗಲ್ಲ."

ಆ ಪುಟ ತೆಗೆದು ನೋಡಿದೆ. ನಿಜವಾಗಿತ್ತು. ಪರ್ಮ್ಯೂಟಬಲ್ ಎಂಬ ಹೆಸರನ್ನೇ ಹೇಳದೆ ಒಂದು ಸಾಲಿನಲ್ಲಿ ಆ ಊಹೆ ನುಸುಳಿತ್ತು. ನನಗೂ ಕಂಡಿರಲಿಲ್ಲ, ಪರೀಕ್ಷಕರಿಗೂ ಕಂಡಿರಲಿಲ್ಲ. ಕೂರಲಾಗದೆ ಕೋಣೆಯಲ್ಲೇ ಅತ್ತಿಂದಿತ್ತ ಓಡಾಡಿದೆ. ವೈವಾ ನಡೆಯುವ ಹಾಲ್‌ನಲ್ಲಿ ಅವಳ ಅಪ್ಪ ಚೌಡಯ್ಯ ಹೊಸ ವೇಷ್ಟಿ ಉಟ್ಟು ಮುಂದಿನ ಸಾಲಿನಲ್ಲಿ ಕೂತಾಗಿತ್ತು.

"ಈಗ ಯೋಳುದ್ರೆ ಕೆಲ್ಸ ಓಗ್ತದಲ್ಲಮ್ಮಾ?" ಎಂದೆ.

"ಓಗ್ತದೆ ಸಾರ್. ಆದ್ರೆ ಗೊತ್ತಿದ್ದೂ ಅದನ್ನ ಪ್ರೂಫ್ ಅಂತ ಎಂಗ್ ಓದ್ಲಿ?"

ವೈವಾ ಶುರುವಾಗಿ ಮೂರನೇ ಅಧ್ಯಾಯ ಬಂದಾಗ ಅವಳು ಓದುವುದನ್ನು ನಿಲ್ಲಿಸಿದಳು. ಈ ಹೆಜ್ಜೆ ತಪ್ಪು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಪರೀಕ್ಷಕರ ಮುಖ ಬಿಗಿಯಿತು. ಅವರು ಒಳ್ಳೆಯ ವರದಿ ಕಳಿಸಿಯಾಗಿತ್ತು. "ಸಣ್ಣ ತಿದ್ದುಪಡಿ ಎಂದು ಬರೆದುಬಿಡೋಣ," ಎಂದು ನನ್ನತ್ತ ನೋಡಿದರು. ನಾನು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಮತಿಯೂ ನನ್ನನ್ನೇ ನೋಡುತ್ತಿದ್ದಳು. ನಾನು ಎದ್ದು ನಿಂತು, "ಎರಡು ಪ್ರಮೇಯಗಳು ಅದರ ಮೇಲೆ ನಿಂತಿವೆ. ವೈವಾ ಮುಂದೂಡಿ," ಎಂದೆ.

ಹೊರಗೆ ಬಂದಾಗ ಚೌಡಯ್ಯ ಕೇಳಿದರು: "ಏನ್ ಸಾರ್, ಫೇಲ್ ಮಾಡ್ಬಿಟ್ರಾ?"

"ಇಲ್ಲಣ್ಣ. ಅವ್ಳೇ ಒಂದ್ ತಪ್ಪು ಕಂಡಿಡುದ್ಲು."

"ಅವ್ಳೇ ಕಂಡಿಡುದ್ಲಾ? ಅಪ್ಪುರಂ, ಮತ್ತೆ ಯಾಕ್ ಸಾರ್ ಅಳ್ತಾವ್ಳೆ?"



ಜೂನ್‌ನಲ್ಲಿ ಅವಳ ಕೆಲಸ ಹೋಯಿತು. ಮನೆಯಲ್ಲೇ ಟ್ಯೂಷನ್ ಹೇಳಿಕೊಂಡು ಶನಿವಾರಗಳಂದು ಧರ್ಮಪುರಿಗೆ ಬರುತ್ತಿದ್ದಳು. ಬೋರ್ಡಿನ ಮೇಲೆ ಬರೆಯುವುದು, ಅಳಿಸುವುದು. ಊಟಕ್ಕೆ ಕೂತರೂ ನನ್ನ ತಲೆಯಲ್ಲಿ ಆ ಸಾಲೇ ಸುತ್ತುತ್ತಿತ್ತು. ಮೀಟಿಂಗ್‌ಗಳಲ್ಲಿ ಯಾರು ಏನು ಕೇಳಿದರೂ ಎರಡು ಸಲ ಕೇಳಬೇಕಾಗುತ್ತಿತ್ತು.

ಮಳೆಗಾಲ ಕಳೆಯುವ ಹೊತ್ತಿಗೆ ಒಂದು ಮಧ್ಯಾಹ್ನ ಅವಳು ಸೀಮೆಸುಣ್ಣ ಕೆಳಗಿಟ್ಟಳು. "ಸಾರ್, ಈ ಸ್ಟೆಪ್ಪಿಗೆ ಎಲ್ಲಾ ಸಬ್‌ಗ್ರೂಪೂ ಯಾಕೆ? ಸೈಲೋ ಮಾತ್ರ ಸಾಕಲ್ವಾ?"

ಗ್ರೂಪ್‌ನ ಅಂಶಗಳ ಒಟ್ಟು ಸಂಖ್ಯೆಯನ್ನು ಭಾಗಿಸುವ ಒಂದೊಂದು ಅವಿಭಾಜ್ಯ ಸಂಖ್ಯೆಗೂ, ಆ ಒಟ್ಟನ್ನು ಭಾಗಿಸುವ ಅದರ ಅತಿ ದೊಡ್ಡ ಘಾತದಷ್ಟು ಅಂಶಗಳಿರುವ ಸಬ್‌ಗ್ರೂಪ್‌ಗಳಿರುತ್ತವೆ, ಅವೇ ಸೈಲೋ. ಇವುಗಳ ಜೊತೆ ಮಾತ್ರ ಪರ್ಮ್ಯೂಟ್ ಆದರೆ ಸಾಕೆಂದಾಗ, ಆ ಗುಣ ಕಾಮನ್ ಭಾಗಕ್ಕೂ ಇಳಿಯುತ್ತದೆ ಎಂಬುದು ಮೊದಲೇ ಸಾಧಿತವಾದ ಮಾತು. ಮೊದಲ ಪ್ರಮೇಯ ಉಳಿಯಿತು. ಎರಡನೆಯದು ಉಳಿಯಲಿಲ್ಲ, ಅದು ಸುಳ್ಳಾಗುವ ಒಂದು ಗ್ರೂಪ್ ಹುಡುಕಿ ಆ ಜಾಗದಲ್ಲಿ ಬರೆದೆವು. ಮರು ವೈವಾಕ್ಕೆ ಅದೇ ಪರೀಕ್ಷಕರು ಬಂದರು. ಆ ಉದಾಹರಣೆಯ ಮೇಲೆಯೇ ಬಹಳ ಹೊತ್ತು ಪ್ರಶ್ನೆ ಕೇಳಿ, ಸಹಿ ಹಾಕಿದರು. ಸುಮತಿ ಈಗ ತಾರಮಂಗಲಂ ಹತ್ತಿರದ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ.

ಎಲ್ಲರೂ ಒಪ್ಪಿದ್ದು ಬೇರೆ, ಸಾಧಿಸಿದ್ದು ಬೇರೆ ಎಂದು ನನ್ನ ವೃತ್ತಿ ಕಲಿಸಿದ್ದು ಹೀಗೆ. ಈಗ ಯಾರ ಪ್ರಬಂಧಕ್ಕೂ ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: "ಇದರಲ್ಲಿ ಯಾವ ಸಾಲು ಓದುವಾಗ ನಿನಗೆ ಭಯವಾಗುತ್ತದೆ?" ಕೆಲವರು ಒಡನೆಯೇ ಹೇಳುತ್ತಾರೆ. ಯಾವ ಸಾಲೂ ಇಲ್ಲ ಎಂದವರ ಜೊತೆ ಮೊದಲ ಪುಟದಿಂದ ಓದಲು ಕೂರುತ್ತೇನೆ.