ಬಿರುಕಿನ ಸದ್ದು

ನನ್ನ ಲೇತ್ ಅಂಗಡಿಯ ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವ ಅಣ್ಣನನ್ನು ಬೀದಿಯವರೆಲ್ಲ ಡಾಕ್ಟರ್ ಎಂದೇ ಕರೆಯುತ್ತಾರೆ. ಉಳಿದವರು ಕೈಚೆಲ್ಲಿದ ಉಕ್ಕು ಅವರ ಬಾಗಿಲಿಗೆ ಬರುತ್ತದೆ. ಲಾರಿಯ ಸ್ಪ್ರಿಂಗ್ ಪಟ್ಟಿ, ಗೇರಿನ ಹಲ್ಲು, ಕಲ್ಲು ಪುಡಿ ಮಾಡುವ ಕ್ರಷರ್‌ನ ಶಾಫ್ಟ್, ಎಲ್ಲ ಹಠಮಾರಿ ಜಾತಿ. ಗೇಟು ಕಿಟಕಿ ಬೆಸೆಯುವ ವೆಲ್ಡಿಂಗ್ ರಾಡ್ ಹಿಡಿದು ಹೋದರೆ ಕೂಡಿಕೊಂಡಂತೆ ನಟಿಸಿ, ತಣ್ಣಗಾಗುವಾಗ ಬಿರುಕು ಬಿಡುತ್ತವೆ. ಅವಕ್ಕೆಂದೇ ನಿಕಲ್, ಕ್ರೋಮಿಯಂ ಹೆಚ್ಚಿರುವ ಬೇರೆ ರಾಡ್‌ಗಳಿವೆ. ತೇವ ತಾಗಿದರೆ ಅವೂ ಕೆಟ್ಟವೇ. ಅಣ್ಣ ಅವನ್ನು ತಗಡಿನ ಪೆಟ್ಟಿಗೆಯಲ್ಲಿ, ಒಳಗೊಂದು ಬಲ್ಬು ಉರಿಸಿ, ಹಸುಗೂಸನ್ನು ಮಲಗಿಸಿದಂತೆ ಬೆಚ್ಚಗೆ ಇಟ್ಟಿರುತ್ತಾರೆ.

ಬೆಸೆಯುವುದು ಅರ್ಧ ಕೆಲಸ, ಅಷ್ಟೆ. ಉಕ್ಕನ್ನು ಕಾಯಿಸಿ, ಬೆರಳುದ್ದ ಬೆಸೆದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮತ್ತೆ ಬೆರಳುದ್ದ ಬೆಸೆದು, ಕೊನೆಗೆ ನಿಧಾನವಾಗಿ ಆರಲೆಂದು ಬೂದಿಯಲ್ಲಿ ಹೂಳಬೇಕು. ಬೇರೆಯವರು ಅಲ್ಲಿಗೆ ಬಿಟ್ಟು ಮನೆಗೆ ಹೋಗುತ್ತಾರೆ. ಅಣ್ಣ ಹೋಗುವುದಿಲ್ಲ. ಬೂದಿಯ ಪಕ್ಕ ಸ್ಟೂಲು ಎಳೆದುಕೊಂಡು ಕಿವಿಗೊಟ್ಟು ಕೂರುತ್ತಾರೆ. ಒಳಗೆ ಬಿರುಕು ಬಿಟ್ಟರೆ ಟಿಕ್ ಎನ್ನುತ್ತದೆ. ಸದ್ದಿಲ್ಲದಿದ್ದರೆ ಗಟ್ಟಿ. ಅವರು ಗಟ್ಟಿ ಎಂದ ಮೇಲೆ ಗಿರಾಕಿ ಕಣ್ಣುಮುಚ್ಚಿ ಒಯ್ಯುತ್ತಾನೆ.

ಅತ್ತಿಗೆ ತೀರಿಕೊಂಡ ಮೇಲೆ ಆ ಸ್ಟೂಲೇ ಅವರಿಗೆ ಮನೆಯಾಯಿತು. ಮಕ್ಕಳಿಲ್ಲ.

"ಮನೆಗೆ ಹೋಗಿ ಏನ್ ಮಾಡ್ಲಪ್ಪ, ಒಂದು ಸದ್ದಿಲ್ಲ" ಎನ್ನುತ್ತಿದ್ದರು. "ಅವಳು ಹೋದ್ಮೇಲೆ ಗೋಡೆ ಗಡಿಯಾರ ಕೂಡ ಹೊಡೆಯೋದು ಬಿಟ್ಬಿಡ್ತು. ಮುಳ್ಳು ತಿರುಗುತ್ತೆ, ಗಂಟೆ ಮಾತ್ರ ಇಲ್ಲ."

ಆದರೂ ಅತ್ತಿಗೆ ಕೊಡುತ್ತಿದ್ದ ಹಾಗೆಯೇ ಅದಕ್ಕೆ ಕೀ ಕೊಡುತ್ತಿದ್ದರಂತೆ. "ರಿಪೇರಿಗೆ ಕೊಡಬಾರದಾ?" ಎಂದೆ. "ಇರ್ಲಿ ಬಿಡು, ಅದಕ್ಕೂ ದುಃಖ ಇರುತ್ತೆ" ಎಂದು ನಕ್ಕರು.

ಮೊನ್ನೆ ಮಧ್ಯಾಹ್ನ ಬೀದಿಯೆಲ್ಲ ಊಟಕ್ಕೆ ನಿಂತಾಗ ಒಂದು ಕ್ರಷರ್ ಶಾಫ್ಟ್ ಬೂದಿಯಲ್ಲಿತ್ತು. ಲೇತ್ ನಿಲ್ಲಿಸಿ ಅವರನ್ನು ಮಾತಾಡಿಸಲು ಹೋದೆ. ಬಾಗಿಲಲ್ಲಿದ್ದ ನನಗೇ ಕೇಳಿಸಿತು, ಟಿಕ್.

ಪಕ್ಕದಲ್ಲೇ ಕೂತಿದ್ದ ಅಣ್ಣ ತಲೆಯೆತ್ತಿ, "ನೋಡು, ತುಟಿಪಿಟಕ್ ಅಂದಿಲ್ಲ. ಗಟ್ಟಿ" ಎಂದರು.

ತಮಾಷೆ ಎಂದುಕೊಂಡೆ. ಇನ್ನೊಂದು ಟಿಕ್. ಅವರ ಮುಖದಲ್ಲಿ ಅದೇ ನೆಮ್ಮದಿ.

ಗ್ರೈಂಡರ್ ಮತ್ತು ಸುತ್ತಿಗೆಯ ಈ ಬೀದಿಯಲ್ಲಿ ನಾವೆಲ್ಲ ಗಂಟಲು ಹರಿಯುವಂತೆ ಕಿರುಚುವವರೇ. ಯಾರ ಕಿವಿ ಯಾವಾಗ ಮಂದವಾಯಿತೆಂದು ಯಾರಿಗೆ ಗೊತ್ತಾಗಬೇಕು! ಹಾಳು ಬೀದಿ ಎಂದು ಸಿಟ್ಟು ನೆತ್ತಿಗೇರಿತು. ಅಣ್ಣನಿಗೆ ಉಳಿದಿದ್ದು ಈ ಕೆಲಸವೊಂದೇ, ಅದೂ ನಿಂತಿದ್ದು ಕಿವಿಯ ಮೇಲೆ. ಹೇಳಿದರೆ ಆ ಸ್ಟೂಲೂ ಅವರ ಪಾಲಿಗಿಲ್ಲ. ಸುಮ್ಮನಿದ್ದರೆ ಶಾಫ್ಟ್ ತುಂಡಾಗಿ ಯಾರ ಪ್ರಾಣಕ್ಕೆ ಕುತ್ತೋ.

"ಅಣ್ಣ, ಬಿರುಕು ಬಿಟ್ಟಿದೆ!" ಎಂದು ಕೂಗಿದೆ.

"ಹೋಗೋ, ಸದ್ದೇ ಇಲ್ಲ ಅಂದ್ನಲ್ಲ" ಎಂದು ನಕ್ಕರು.

ನಾನು ನಗಲಿಲ್ಲ. ಅವರ ನಗುವೂ ಮೆಲ್ಲಗೆ ಇಳಿಯಿತು. ಶಾಫ್ಟ್ ಆರಿದ ಮೇಲೆ ಅವರೇ ಬೂದಿ ಸರಿಸಿ, ಬೆಸುಗೆಯ ಅಂಚಿನಲ್ಲಿ ಉಗುರು ಎಳೆದರು. ಒಂದು ಕಡೆ ಉಗುರು ಸಿಕ್ಕಿಕೊಂಡಿತು.

"ನಿನಗೆ ಕೇಳಿಸ್ತಾ?"

ತಲೆಯಾಡಿಸಿದೆ.

"ಅಲ್ಲಿ, ಬಾಗಿಲಲ್ಲಿ?"

ಮತ್ತೆ ತಲೆಯಾಡಿಸಿದೆ. ಬಿರುಕು ಯಾರ ಕೈಯಲ್ಲೂ ಬರುತ್ತದೆ, ಉಜ್ಜಿ ತೆಗೆದು ಮತ್ತೆ ಬೆಸೆಯಬಹುದು. ಅದನ್ನೇ ಹೇಳಹೊರಟೆ. ಅವರ ಯೋಚನೆ ಶಾಫ್ಟಿನ ಮೇಲಿರಲಿಲ್ಲ. ಕೈಯ ಬೂದಿ ಒರೆಸಿಕೊಂಡು ಎದ್ದರು.

"ಮನೆಗೆ ಬಾ" ಎಂದರು.

ಮನೆಯಲ್ಲಿ ಗೋಡೆ ಗಡಿಯಾರದ ಕೆಳಗೆ ನನ್ನನ್ನು ಕೂರಿಸಿ, ಎದುರಿಗೆ ತಾವು ಕೂತರು. ಒಲೆಯ ಮೇಲೆ ಒಬ್ಬರಿಗೆ ಸಾಕಾಗುವಷ್ಟು ಚಿಕ್ಕ ಪಾತ್ರೆ. ಮುಳ್ಳು ಏಳರ ಹತ್ತಿರ ಬರುತ್ತಿತ್ತು. ಅಣ್ಣ ಗಡಿಯಾರದ ಕಡೆ ಒಮ್ಮೆಯೂ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು.

ಗಡಿಯಾರ ಹೊಡೆಯಿತು. ತೆಳ್ಳನೆಯ, ಸ್ಪಷ್ಟವಾದ ಸದ್ದು, ಒಂದೊಂದಾಗಿ ಏಳು.

"ಹೊಡೀತಾ?"

"ಹೊಡೀತಣ್ಣ."

"ಹಾಗಾದ್ರೆ ಇಷ್ಟು ದಿನಾನೂ ಹೊಡೀತಾನೇ ಇತ್ತು."

ಕಣ್ಣು ತುಂಬಿ ಬಂತು, ತಲೆ ತಗ್ಗಿಸಿದೆ. ಅಣ್ಣ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು.

"ಎಂಟು ಹೊಡೆಯೋವರೆಗೂ ಇರ್ತೀಯಾ?" ಎಂದರು.